ಸೃಜನಶೀಲತೆಗೆ ಅಂಕ ಕೇಳಿದ ಶಾಲೆ: ಶಿವಮೊಗ್ಗದ ಮನೋವಿಜ್ಞಾನಿಯೊಬ್ಬರ ವೃತ್ತಿಜೀವನದ ಒಂದು ಪ್ರಕರಣ

ಶಿವಮೊಗ್ಗ ನಗರದ ಖಾಸಗಿ ವಸತಿ ಶಾಲೆಯೊಂದು ಆರನೇ ತರಗತಿಗೆ ಸೇರಲು ಬರುವ ಮಕ್ಕಳಲ್ಲಿ ‘ಸೃಜನಶೀಲ’ರನ್ನು ಆರಿಸಿ ಅವರಿಗಾಗಿ ಪ್ರತ್ಯೇಕ ವಿಭಾಗ ತೆರೆಯಲು ನಿರ್ಧರಿಸಿತು. ಆಯ್ಕೆಯ ಪರೀಕ್ಷೆ ನಡೆಸಿಕೊಡುವಂತೆ, ಸೃಜನಶೀಲತೆಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡಿದ್ದ ಮನೋವಿಜ್ಞಾನಿಯೊಬ್ಬರನ್ನು ಆಡಳಿತ ಮಂಡಳಿ ಕೇಳಿಕೊಂಡಿತು. ಪ್ರತಿ ಮಗುವಿಗೂ ನೂರಕ್ಕೆ ಇಷ್ಟು ಎಂಬ ಒಂದು ಅಂಕ ಬರೆದುಕೊಟ್ಟರೆ ಸಾಕು, ಉಳಿದದ್ದನ್ನು ಕಚೇರಿಯವರು ನೋಡಿಕೊಳ್ಳುತ್ತಾರೆ ಎಂಬುದು ಅವರ ಮಾತು. ಆ ಮನೋವಿಜ್ಞಾನಿ ಆಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದರು. ವರ್ಷದಲ್ಲಿ ಕೆಲವೇ ತಿಂಗಳು, ಅದೂ ತಡವಾಗಿ ಕೈಸೇರುತ್ತಿದ್ದ ಗೌರವಧನಕ್ಕೆ ಹೋಲಿಸಿದರೆ ಶಾಲೆ ಕೊಡಲು ಮುಂದಾದ ಸಂಭಾವನೆ ದೊಡ್ಡದೇ ಆಗಿತ್ತು. ಅವರು ಈ ಕೆಲಸವನ್ನು ಹೇಗೆ ಒಪ್ಪಿಕೊಂಡರು, ಹೇಗೆ ಬಿಟ್ಟರು, ಇವೆರಡರ ನಡುವೆ ಅವರ ಸಂಶೋಧನೆಯ ದಿಕ್ಕು ಯಾಕೆ ಬದಲಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ತರಗತಿ ಮೊದಲಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯವರು. ಸ್ನಾತಕೋತ್ತರ ಪದವಿಗೆಂದು ಮೈಸೂರಿಗೆ ಹೋದಾಗ ಸಹಪಾಠಿಗಳಲ್ಲಿ ಹೆಚ್ಚಿನವರು ಕ್ಲಿನಿಕಲ್ ಶಾಖೆಯತ್ತ ಮುಖ ಮಾಡಿದ್ದರು. ಅದಕ್ಕೆ ಕಾರಣ ಸ್ಪಷ್ಟವಾಗಿಯೇ ಇತ್ತು: ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ಕ್ಲಿನಿಕಲ್ ಮನೋವಿಜ್ಞಾನಿಗೆ ಆಸ್ಪತ್ರೆಯಲ್ಲಿ ಹುದ್ದೆಯಿದೆ, ಇಲ್ಲವಾದರೆ ಸ್ವಂತ ಕ್ಲಿನಿಕ್ಕಿದೆ. ಸೃಜನಶೀಲತೆಯನ್ನು ಓದಿದವರಿಗೆ ಕಾಲೇಜಿನ ಪಾಠ, ಬಿ.ಇಡಿ. ಸಂಸ್ಥೆ, ಬೆಂಗಳೂರಿನ ಕಂಪನಿಗಳ ತರಬೇತಿ ವಿಭಾಗ ಇಷ್ಟೇ. ಮಲೆನಾಡಿಗೆ ಮರಳುವವರಿಗೆ ಈ ಮೂರನೆಯದೂ ಸಿಗುವುದಿಲ್ಲ. ಹಾಗೆ ನೋಡಿದರೆ ಅಮೆರಿಕದಲ್ಲೂ ಈ ವಿಷಯದವರು ಮನಶ್ಶಾಸ್ತ್ರ ವಿಭಾಗದ ಒಳಮನೆಯಲ್ಲಿ ಕುಳಿತದ್ದು ಕಡಿಮೆ. ಪಾಲ್ ಟೊರೆನ್ಸ್ ಬೇರೂರಿದ್ದು ಶಿಕ್ಷಣ ಮನೋವಿಜ್ಞಾನದಲ್ಲಿ. ತೆರೇಸಾ ಅಮಾಬಿಲೆ ಬ್ರಾಂಡೈಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಿಂದ ಹೊರಟು ನೆಲೆಯಾದದ್ದು ಹಾರ್ವರ್ಡ್‌ನ ಬಿಸಿನೆಸ್ ಸ್ಕೂಲಿನಲ್ಲಿ. ನಮ್ಮ ಪ್ರಕರಣದವರು ಉಪನ್ಯಾಸಕರ ಅರ್ಹತಾ ಪರೀಕ್ಷೆಯಾದ ನೆಟ್ ಪಾಸಾಗಿ, ಶಿವಮೊಗ್ಗಕ್ಕೆ ಬಂದು ಪಾಠ ಹೇಳುತ್ತಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡರು. “ಮಾಣಿ ಓದೂದೇ ಇಲ್ಲ, ನೀನೊಂಚೂರು ಮಾತಾಡ್ಸು” ಎಂದು ಮಗನನ್ನು ಕರೆತರುವ ನೆಂಟರಿಷ್ಟರಿಗೆ ತಮ್ಮದು ಚಿಕಿತ್ಸೆಯ ಶಾಖೆಯಲ್ಲ ಎಂದು ಹೇಳಿ ಹೇಳಿ ಅವರಿಗೆ ಸಾಕಾಗಿತ್ತು. ಹಾಗಾಗಿ ತಮ್ಮ ವಿಷಯಕ್ಕೇ ನೇರವಾಗಿ ಸಂಬಂಧಿಸಿದ ಕೆಲಸವೊಂದನ್ನು ಹಿಡಿದು ಶಾಲೆಯವರು ಬಂದಾಗ ಅವರಿಗೆ ಮೊದಲು ಆದದ್ದು ಸಂತೋಷ.

ಹೀಗೆ ಅಂಕ ಕೇಳುವುದು ಈ ಶಾಸ್ತ್ರಕ್ಕೆ ಹೊರಗಿನ ಸಂಗತಿಯೇನಲ್ಲ. 1950ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಅಧ್ಯಕ್ಷರಾಗಿ ಮಾತನಾಡಿದ ಜೆ.ಪಿ. ಗಿಲ್ಫರ್ಡ್, ಹಿಂದಿನ 23 ವರ್ಷಗಳಲ್ಲಿ ಪಟ್ಟಿಯಾದ ಸುಮಾರು 1,21,000 ಮನಶ್ಶಾಸ್ತ್ರೀಯ ಬರಹಗಳ ಪೈಕಿ ಸೃಜನಶೀಲತೆಗೆ ಸಂಬಂಧಿಸಿದವು 186 ಮಾತ್ರ ಎಂದು ಲೆಕ್ಕ ಕೊಟ್ಟಿದ್ದರು. ಈ ಶಾಖೆಯ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ಅದೇ ಗಿಲ್ಫರ್ಡ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ವಿಮಾನ ಚಾಲಕರನ್ನು ಆರಿಸುವ ಪರೀಕ್ಷೆಗಳ ಮೇಲೆ ಕೆಲಸ ಮಾಡಿದವರು. ಟೊರೆನ್ಸ್ ಕೂಡ 1950ರ ದಶಕದಲ್ಲಿ ವಾಯುಪಡೆಯಲ್ಲಿದ್ದುಕೊಂಡು, ಆಪತ್ತಿಗೆ ಸಿಕ್ಕಿದ ಯೋಧರು ಹೇಗೆ ಬದುಕುಳಿಯುತ್ತಾರೆ ಎಂಬುದನ್ನು ಅಧ್ಯಯನ ಮಾಡಿದರು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕಕ್ಕೆ ತನ್ನ ಶಾಲೆಗಳ ಬಗ್ಗೆಯೇ ಗಾಬರಿಯಾಯಿತು. ಮರುವರ್ಷ ಟೊರೆನ್ಸ್ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಬಂದು ಶಾಲಾಮಕ್ಕಳ ದೀರ್ಘಕಾಲದ ಅಧ್ಯಯನ ಆರಂಭಿಸಿದರು. ಅವರ ಹೆಸರಿನ ಸೃಜನಶೀಲತಾ ಪರೀಕ್ಷೆ 1966ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ 1970ರ ದಶಕದಲ್ಲಿ ಬಾಕರ್ ಮೆಹದಿಯವರು ಅದೇ ಜಾಡಿನಲ್ಲಿ ರೂಪಿಸಿದ ಪರೀಕ್ಷೆಯನ್ನು ಶಿಕ್ಷಣ ವಿಭಾಗಗಳ ಪ್ರಬಂಧಗಳಲ್ಲಿ ಇಂದಿಗೂ ಕಾಣಬಹುದು. ಯಾರನ್ನು ಆರಿಸಬೇಕು ಎಂಬ ಪ್ರಶ್ನೆ ಈ ಶಾಸ್ತ್ರದ ಹುಟ್ಟಿನಲ್ಲೇ ಇದ್ದುದರಿಂದ, ಶಾಲೆಯವರಿಗೆ ಏನೂ ತಿಳಿಯದು ಎಂದು ಮೂಗು ಮುರಿಯುವ ಹಕ್ಕು ಇಲ್ಲಿ ಯಾರಿಗೂ ಇಲ್ಲ.

ನಮ್ಮ ಮನೋವಿಜ್ಞಾನಿಗೆ ಇಂಥ ಅಂಕದ ಬಗ್ಗೆ ಅನುಮಾನ ಬೇರೆ ಕಡೆಯಿಂದ ಬಂದಿತ್ತು. ಶಾಲೆಯವರು ಬರುವುದಕ್ಕೆ ಮುನ್ನ ಅವರು ಸಾಗರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಸಂಶೋಧನೆಗೆಂದು ಪ್ರಾಯೋಗಿಕ ಪರೀಕ್ಷೆ ನಡೆಸಿದ್ದರು. ಪರಿಚಿತ ವಸ್ತುವೊಂದನ್ನು ಕೊಟ್ಟು ಅದರ ಅಪರೂಪದ ಉಪಯೋಗಗಳನ್ನು ಪಟ್ಟಿ ಮಾಡಿಸುವುದು ಇಂಥ ಪರೀಕ್ಷೆಗಳ ಹಳೆಯ ವಿಧಾನ. ಗಿಲ್ಫರ್ಡ್ ಇಟ್ಟಿಗೆಯನ್ನು ಕೊಟ್ಟರು, ಟೊರೆನ್ಸ್ ರಟ್ಟಿನ ಪೆಟ್ಟಿಗೆಯನ್ನೂ ತಗಡಿನ ಡಬ್ಬವನ್ನೂ ಕೊಟ್ಟರು. ರಟ್ಟಿನ ಪೆಟ್ಟಿಗೆಯ ಬಗ್ಗೆ ಸಾಗರದ ಮಕ್ಕಳು ಮೂರು ನಾಲ್ಕು ಸಾಲು ಬರೆದು ಪೆನ್ನು ಕೆಳಗಿಟ್ಟರು. ಇನ್ನೊಂದು ತರಗತಿಗೆ ಅವರು ಪೆಟ್ಟಿಗೆಯ ಬದಲು ಅಡಿಕೆ ಹಾಳೆಯನ್ನು, ಅಂದರೆ ಅಡಿಕೆ ಸೋಗೆಯ ಅಗಲವಾದ ಬುಡವನ್ನು, ಕೊಟ್ಟಾಗ ಹೆಚ್ಚುವರಿ ಕಾಗದ ಕೇಳುವವರ ಸಾಲೇ ನಿಂತಿತು. ಊಟದ ತಟ್ಟೆ, ತಲೆಗೆ ಟೊಪ್ಪಿ, ಕೂಸನ್ನು ಮೀಯಿಸಲು ಹಾಸು, ಒಲೆಗೆ ಬೀಸಣಿಗೆ, ಅಡಿಕೆ ಗೊನೆಗೆ ಕಟ್ಟುವ ಕೊಟ್ಟೆ, ಬಚ್ಚಲಿಗೆ ಉರುವಲು, ತಮ್ಮನನ್ನು ಕೂರಿಸಿಕೊಂಡು ಅಂಗಳದಲ್ಲಿ ಎಳೆಯುವ ಗಾಡಿ ಹೀಗೆ ಪಟ್ಟಿ ಬೆಳೆಯಿತು. ನಿರರ್ಗಳತೆಯ ಅಂಕ, ಅಂದರೆ ಎಷ್ಟು ಉತ್ತರ ಬಂದವು ಎಂಬ ಎಣಿಕೆ, ಒಮ್ಮೆಲೇ ಮೇಲೇರಿತು.

ಅಲ್ಲಿಗೆ ಸಮಸ್ಯೆ ಮುಗಿಯಿತೆಂದು ತಿಳಿದು ಪ್ರಬಂಧ ಬರೆಯುವವರು ಅನೇಕರಿದ್ದಾರೆ. ಇವರು ಹಾಗೆ ಮಾಡಲಿಲ್ಲ. ಸ್ವಂತಿಕೆಯ ಅಂಕ ಕೊಡುವುದು ಉತ್ತರ ಎಷ್ಟು ಅಪರೂಪ ಎಂಬುದನ್ನು ನೋಡಿ. ಗುಂಪಿನಲ್ಲಿ ಬಹಳ ಮಂದಿ ಬರೆದ ಉತ್ತರಕ್ಕೆ ಸೊನ್ನೆ. ಹಾಳೆಯ ಗಾಡಿಯನ್ನು ಸಾಗರದಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದರಿಂದ ಅದಕ್ಕೆ ಸೊನ್ನೆ ಬಂತು. ಅದೇ ಉತ್ತರವನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವೊಂದು ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು. ಎರಡೂ ಕಡೆ ಉತ್ತರ ಒಂದೇ. ಅಂಕವನ್ನು ತೀರ್ಮಾನಿಸಿದ್ದು ಪಕ್ಕದಲ್ಲಿ ಕುಳಿತವರು. ಇನ್ನೊಂದು ತೊಡಕೂ ಇತ್ತು. ಮಕ್ಕಳು ಬರೆದದ್ದರಲ್ಲಿ ಬಹುಪಾಲು ಅವರು ಮನೆಯಲ್ಲಿ ದಿನವೂ ಕಂಡದ್ದು, ಹೊಸದಾಗಿ ಹೊಳೆದದ್ದಲ್ಲ. ಇಂಥ ಪ್ರಶ್ನೆಗೆ ಉತ್ತರಿಸುವವರು ಮೊದಮೊದಲು ನೆನಪಿನಿಂದ ಹೆಕ್ಕಿ ಕೊಡುತ್ತಾರೆ, ಹೊಸದನ್ನು ಕಟ್ಟುವುದು ಆಮೇಲೆ ಎಂಬುದನ್ನು ಮನೋವಿಜ್ಞಾನಿ ಗಿಲ್‌ಹೂಲಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದ್ದಾರೆ. ಹಾಗಾದರೆ ಹಾಳೆ ಕೊಟ್ಟು ಅಳೆದದ್ದು ಸೃಜನಶೀಲತೆಯನ್ನೋ, ತೋಟದ ಬದುಕಿನ ಪರಿಚಯವನ್ನೋ?

ಅವರು ಪ್ರತಿ ಮಗುವನ್ನೂ ಕೂರಿಸಿಕೊಂಡು ಅದರ ಪಟ್ಟಿಯನ್ನು ಓದಿ ಹೇಳಿ, ಯಾವುದನ್ನು ಎಲ್ಲಾದರೂ ನೋಡಿದ್ದೀ, ಯಾವುದು ಈಗ ಹೊಳೆದದ್ದು ಎಂದು ಕೇಳಿ ಗುರುತು ಹಾಕಿಕೊಂಡರು. ತಿಂಗಳುಗಟ್ಟಲೆ ಹಿಡಿದ ಈ ಕೆಲಸದಲ್ಲಿ ಸಿಕ್ಕ ಒಂದು ಉತ್ತರವನ್ನು ಅವರು ಈಗಲೂ ತರಗತಿಯಲ್ಲಿ ಉದಾಹರಿಸುತ್ತಾರೆ. ಒಬ್ಬ ಹುಡುಗ ತನ್ನ ಪಟ್ಟಿಯ ಕೊನೆಯಲ್ಲಿ ‘ಮಳೆ ನೋಡಲು’ ಎಂದು ಬರೆದಿದ್ದ. ಹಾಗೆಂದರೇನು ಎಂದು ಕೇಳಿದ್ದಕ್ಕೆ ಅವನು, “ಮಾಡಿನ ಹೊರಗೆ ಹಾಳೆ ಬೋರಲು ಹಾಕಿಟ್ರೆ ರಾತ್ರಿ ಸದ್ದು ಕೇಳ್ತದೆ ಮೇಡಂ. ಮಳೆ ಎಷ್ಟು ಜೋರು ಅಂತ ಮಲಗಿದಲ್ಲೇ ಗೊತ್ತಾಗ್ತದೆ. ಬೆಳಿಗ್ಗೆ ಔಷಧಿ ಹೊಡೆಯಕ್ಕಾಗ್ತದಾ ಇಲ್ವಾ ಅಂತ ಅಪ್ಪ ಎದ್ದು ನೋಡೋದು ಬೇಡ” ಎಂದ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಹೊಳವಾಗುವುದನ್ನೇ ಕಾಯುವ ಮನೆಯ ಮಗುವಿಗಲ್ಲದೆ ಬೇರೆ ಯಾರಿಗೂ ಇದು ಹೊಳೆಯಲಾರದು. ಆದರೂ ಅದು ಅವನು ಎಲ್ಲೂ ಕಂಡದ್ದಲ್ಲ, ತಾನೇ ಕಟ್ಟಿಕೊಂಡದ್ದು. ಉತ್ತರಪತ್ರಿಕೆಯಲ್ಲಿದ್ದ ಎರಡು ಪದಗಳನ್ನಷ್ಟೇ ನೋಡಿ ಅಂಕ ಹಾಕುವವರು ಇದನ್ನು ಅರ್ಥವಾಗದ ಉತ್ತರವೆಂದು ಬಿಟ್ಟುಬಿಡುತ್ತಿದ್ದರು.

ಚಿತ್ರದ ಪರೀಕ್ಷೆಯಲ್ಲಿ ಎದುರಾದದ್ದು ಇದಕ್ಕಿಂತ ಕಠಿಣ. ಟೊರೆನ್ಸ್ ಅವರ ಚಿತ್ರ ಪರೀಕ್ಷೆಯಲ್ಲಿ ತಲಾ 10 ನಿಮಿಷದ ಮೂರು ಚಟುವಟಿಕೆಗಳಿವೆ. ಎರಡನೆಯದರಲ್ಲಿ 10 ಅಪೂರ್ಣ ಆಕೃತಿಗಳನ್ನು ಕೊಟ್ಟು, ಅವುಗಳನ್ನು ಚಿತ್ರವಾಗಿ ಬೆಳೆಸಿ ಹೆಸರಿಡಲು ಹೇಳುತ್ತಾರೆ. 1984ರಲ್ಲಿ ಪರಿಷ್ಕರಿಸಿದ ಅಂಕಪದ್ಧತಿಯಲ್ಲಿ, ಆಕೃತಿಯನ್ನು ಅವಸರದಲ್ಲಿ ಮುಚ್ಚಿಬಿಡದೆ ತೆರೆದಿಟ್ಟುಕೊಳ್ಳುವ ಗುಣಕ್ಕೂ ಅಂಕವಿದೆ. ತೆರೆದ ಬಾಯಿಯನ್ನು ನೇರ ಗೆರೆಯೊಂದರಿಂದ ಮುಚ್ಚಿದರೆ ಆ ಅಂಕ ಹೋಗುತ್ತದೆ. ಸಾಗರದ ಶಾಲೆಯಲ್ಲಿ ದೀವರ ಸಮುದಾಯದ ಮನೆಯ ಹುಡುಗಿಯೊಬ್ಬಳು 10 ಆಕೃತಿಗಳಲ್ಲಿ ಎರಡನ್ನು ಮಾತ್ರ ತುಂಬಿಸಿದ್ದಳು. ಎರಡನ್ನೂ ಮೊದಲು ನೇರ ಗೆರೆಗಳಿಂದ ಚೌಕಟ್ಟಾಗಿ ಮುಚ್ಚಿ, ಒಳಗೆ ಉದ್ದಗೆರೆ, ಅಡ್ಡಗೆರೆ, ಓರೆಗೆರೆಗಳನ್ನು ಸಮಾನ ಅಂತರದಲ್ಲಿ ಎಳೆಯುತ್ತಾ ಹೋಗಿದ್ದಳು. ಒಂದಕ್ಕೆ ‘ಹಸೆ’ ಎಂದೂ ಇನ್ನೊಂದಕ್ಕೂ ‘ಹಸೆ’ ಎಂದೂ ಹೆಸರಿಟ್ಟಿದ್ದಳು. ಯಾಕೆ ಎರಡೇ ಎಂದು ಕೇಳಿದಾಗ, “ಗೆರೆ ಸೊಟ್ಟ ಆದ್ರೆ ಅಜ್ಜಿ ಅಳಿಸಿ ಇನ್ನೊಂದ್ಸಲ ಬರಿ ಅಂತಾಳೆ” ಎಂದಳಂತೆ. ವಿಶದತೆ, ಅಂದರೆ ಚಿತ್ರಕ್ಕೆ ವಿವರ ತುಂಬುವ ಗುಣ, ಒಂದನ್ನು ಬಿಟ್ಟರೆ ಉಳಿದ ಅಂಶಗಳಲ್ಲೆಲ್ಲ ಅವಳ ಅಂಕ ತರಗತಿಯಲ್ಲೇ ತೀರ ಕೆಳಗೆ ಬಂತು.

ಹಸೆ ಚಿತ್ತಾರವನ್ನು ಬಲ್ಲವರಿಗೆ ಈ ಫಲಿತಾಂಶದಲ್ಲಿ ಏನೋ ಎಡವಟ್ಟಾಗಿದೆ ಎಂದು ಕೂಡಲೇ ತಿಳಿಯುತ್ತದೆ. ಸಾಗರ, ಸೊರಬ ಭಾಗದ ದೀವರ ಹೆಂಗಸರು ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅರೆದ ಅಕ್ಕಿಯ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ ಬಣ್ಣಗಳಲ್ಲಿ ಪುಂಡಿನಾರಿನ ಕುಂಚದಿಂದ ಬರೆಯುವ ಈ ಚಿತ್ತಾರದಲ್ಲಿ ಗೆರೆಯ ಶಿಸ್ತೇ ಪ್ರಾಣ. ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಯ ಮೇಲೂ ಅದೇ ಕೈ ಓಡುತ್ತದೆ. ಹೊಸತನ ಅಲ್ಲಿ ಇಲ್ಲವೆಂದಲ್ಲ. ಒಬ್ಬಾಕೆಯ ಹಸೆಯನ್ನು ಇನ್ನೊಬ್ಬಾಕೆಯದರಿಂದ ಬೇರೆ ಮಾಡಿ ಗುರುತಿಸುವವರು ಊರಲ್ಲಿ ಇರುತ್ತಾರೆ. ಆದರೆ ಆ ಬೇರೆತನ ಗೆರೆಗಳ ಕಟ್ಟಿನೊಳಗೆ, ಅಂಚಿನ ಜೋಡಣೆಯಲ್ಲಿ, ಎಲ್ಲಿ ಕಪ್ಪು ತರಬೇಕು ಎಲ್ಲಿ ಬಿಡಬೇಕು ಎಂಬುದರಲ್ಲಿ ತೋರುವಂಥದ್ದು. 10 ನಿಮಿಷದಲ್ಲಿ 10 ಬೇರೆ ಬೇರೆ ಚಿತ್ರ ಬರೆ ಎನ್ನುವ ಪರೀಕ್ಷೆಗೆ ಅದು ಕಾಣುವುದೇ ಇಲ್ಲ.

ಈ ಎರಡು ಅನುಭವಗಳು ಕೈಯಲ್ಲಿರುವಾಗಲೇ ಶಾಲೆಯವರು ಬಂದದ್ದು. ಮನೋವಿಜ್ಞಾನಿಯ ಮುಂದೆ ಇದ್ದ ದಾರಿಗಳು ಹೆಚ್ಚಿರಲಿಲ್ಲ. ಕೇಳಿದಂತೆ ಅಂಕ ಕೊಟ್ಟುಬಿಡಬಹುದಿತ್ತು. ಅದನ್ನು ತಪ್ಪೆನ್ನುವವರು ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಪೂರ್ತಿ ನಿರಾಕರಿಸಬಹುದಿತ್ತು, ಆಗ ಶಾಲೆ ಇನ್ನೊಬ್ಬರನ್ನು, ಬಹುಶಃ ಇಂಟರ್‌ನೆಟ್ಟಿನಿಂದ ಪ್ರಶ್ನೆ ಇಳಿಸಿಕೊಂಡು ಬರುವವರನ್ನು, ಹಿಡಿಯುತ್ತಿತ್ತು. ಮನೆಯಲ್ಲಿ ಅವರ ಅಮ್ಮ, “ದುಡಿಮೆ ಮನೆ ಬಾಗಿಲಿಗೆ ಬಂದಾಗ ಬೇಡ ಅಂತಾರನೇ ಮಾರಾಯ್ತಿ” ಎಂದರು. ಪಿಎಚ್.ಡಿ. ಮಾರ್ಗದರ್ಶಕರು ಯೋಚಿಸಿದ್ದು ದತ್ತಾಂಶದ ಬಗ್ಗೆ: ಇಷ್ಟು ಮಕ್ಕಳು ಒಂದೇ ಕಡೆ ಸಿಕ್ಕರೆ ಒಂದೆರಡು ಲೇಖನಗಳಾದರೂ ಆಗುತ್ತವೆ.

ಅವರು ನಡುವಿನ ದಾರಿ ಹಿಡಿದರು. ಪರೀಕ್ಷೆಯನ್ನು ಪ್ರವೇಶಕ್ಕೆ ಮುನ್ನ ನಡೆಸಬಾರದು, ಪ್ರವೇಶ ಮುಗಿದ ಮೇಲೆ ನಡೆಸಬೇಕು ಎಂಬುದು ಮೊದಲ ಷರತ್ತು. ಇದಕ್ಕೆ ಅವರು ಆಧಾರವಾಗಿ ಇಟ್ಟುಕೊಂಡದ್ದು ಅಮಾಬಿಲೆಯವರು 1982ರಲ್ಲಿ ಪ್ರಕಟಿಸಿದ ಪ್ರಯೋಗ. 7ರಿಂದ 11 ವಯಸ್ಸಿನ 22 ಹುಡುಗಿಯರಿಂದ ಬಣ್ಣದ ಕಾಗದದ ಕೊಲಾಜ್ ಮಾಡಿಸಿದಾಗ, ಬಹುಮಾನಕ್ಕಾಗಿ ಸ್ಪರ್ಧಿಸುತ್ತಿದ್ದೇವೆಂದು ತಿಳಿದಿದ್ದವರ ಕೊಲಾಜ್‌ಗಳು ಉಳಿದವರವಕ್ಕಿಂತ ಕಡಿಮೆ ಸೃಜನಶೀಲವೆಂದು ಕಲಾವಿದರ ತೀರ್ಪು ಬಂದಿತ್ತು. ಸೀಟಿಗಾಗಿ ಪರೀಕ್ಷೆ ಬರೆಯುವ ಮಗುವಿನಲ್ಲಿ ನಾವು ಹುಡುಕುತ್ತಿರುವ ಗುಣವೇ ಮುದುಡುತ್ತದೆ ಎಂಬುದು ಅವರ ವಾದ. ಎರಡನೆಯದಾಗಿ, ಒಟ್ಟು ಅಂಕ ಇರುವುದಿಲ್ಲ. ಮಗುವಿಗೆ ಯಾವ ಬಗೆಯ ಕೆಲಸದಲ್ಲಿ ಮನಸ್ಸು ಓಡುತ್ತದೆ ಎಂಬ ಟಿಪ್ಪಣಿ ತರಗತಿಯ ಶಿಕ್ಷಕರಿಗೆ ಹೋಗುತ್ತದೆ. ಟೊರೆನ್ಸ್ ಸಹ ತಮ್ಮ ಪರೀಕ್ಷೆಯ ಫಲವನ್ನು ಒಂದೇ ಸಂಖ್ಯೆಗೆ ಇಳಿಸುವುದನ್ನು ಒಪ್ಪುತ್ತಿರಲಿಲ್ಲ, ಕಲಿಸುವ ಬಗೆಯನ್ನು ಮಗುವಿಗೆ ಹೊಂದಿಸಲು ಅದು ನೆರವಾಗಲಿ ಎಂಬುದು ಅವರ ಆಶಯವಾಗಿತ್ತು. ಶಾಲೆ ಎರಡಕ್ಕೂ ಬಾಯಿಮಾತಿನಲ್ಲಿ ಒಪ್ಪಿತು.

ಮೊದಲ ವರ್ಷದ ಕೆಲಸದಲ್ಲಿ ಅವರು ಮುದ್ರಿತ ಪರೀಕ್ಷೆಯ ಜೊತೆಗೆ ಮಕ್ಕಳಿಂದ ಚಿತ್ತಾರದ ಫಲಕಗಳನ್ನು ಮಾಡಿಸಿ, ಅಮಾಬಿಲೆಯವರೇ ರೂಪಿಸಿದ ಪದ್ಧತಿಯಂತೆ ಆ ವಿದ್ಯೆ ಬಲ್ಲವರಿಂದ ಪ್ರತ್ಯೇಕ ಪ್ರತ್ಯೇಕವಾಗಿ ಅಂದಾಜು ಹಾಕಿಸಿದರು. ತೀರ್ಪುಗಾರರಲ್ಲಿ ಒಬ್ಬರು ಶಾಲೆಯ ಚಿತ್ರಕಲಾ ಶಿಕ್ಷಕರು, ಇನ್ನೊಬ್ಬರು ಸೊರಬ ಕಡೆಯ ಹಿರಿಯ ಚಿತ್ತಾರಗಿತ್ತಿ. ತೀರ್ಪುಗಳು ಪರಸ್ಪರ ಹೊಂದಿದರೆ ಮಾತ್ರ ಈ ಪದ್ಧತಿಗೆ ಬೆಲೆ. ಇಲ್ಲಿ ಅವು ಹೊಂದಲಿಲ್ಲ. ಗೆರೆಗಳ ನಡುವೆ ಹೆಲಿಕಾಪ್ಟರ್ ಬಿಡಿಸಿದ್ದ ಫಲಕವನ್ನು ಶಿಕ್ಷಕರು ಮೊದಲ ಸ್ಥಾನದಲ್ಲಿಟ್ಟರೆ, ಚಿತ್ತಾರಗಿತ್ತಿ ಅದನ್ನು ಪಕ್ಕಕ್ಕೆ ಸರಿಸಿ, ಅಂಚಿನ ಓರೆಗೆರೆಯ ದಿಕ್ಕನ್ನು ಒಂದು ಮೂಲೆಯಲ್ಲಿ ಮಾತ್ರ ತಿರುಗಿಸಿದ್ದ ಇನ್ನೊಂದು ಫಲಕವನ್ನು ಬಹಳ ಹೊತ್ತು ನೋಡಿ, “ಇದ್ ಯಾರ್ ಕಲ್ಸಿದ್ದು?” ಎಂದು ಕೇಳಿದರು. ಯಾರೂ ಕಲಿಸಿರಲಿಲ್ಲ. ಶಿಕ್ಷಕರ ಕಣ್ಣಿಗೆ ಆ ಮೂಲೆ ಬಿದ್ದಿರಲೇ ಇಲ್ಲ.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮುಖ್ಯ ಶೋಧ ಇದೇ, ಆದರೆ ವೃತ್ತಿಗೆ ಅದು ಒದಗಲಿಲ್ಲ. ಸೃಜನಶೀಲತೆ ವ್ಯಕ್ತಿಯ ತಲೆಯೊಳಗಷ್ಟೇ ಇರುವುದಿಲ್ಲ. ಒಂದು ವಿದ್ಯೆಯ ಕಟ್ಟುಪಾಡು, ಹೊಸದನ್ನು ಒಪ್ಪುವ ಅಥವಾ ತಳ್ಳುವ ಬಲ್ಲವರ ಬಳಗ, ಇವುಗಳ ಜೊತೆ ಸೇರಿಯೇ ಅದು ತೀರ್ಮಾನವಾಗುತ್ತದೆ ಎಂದು ಮನೋವಿಜ್ಞಾನಿ ಮಿಹಾಯಿ ಚಿಕ್‌ಸೆಂಟ್‌ಮಿಹಾಯಿ 1988ರಲ್ಲೇ ವಾದಿಸಿದ್ದರು. ಒಂದೇ ಕೋಣೆಯಲ್ಲಿ ಎರಡು ಬಳಗಗಳು ಕುಳಿತು ಎರಡು ತೀರ್ಪು ಕೊಟ್ಟದ್ದು ಆ ವಾದಕ್ಕೆ ಒಳ್ಳೆಯ ಸಾಕ್ಷಿ. ಲೇಖನವನ್ನು ಪರಿಶೀಲಿಸಿದ ಪತ್ರಿಕೆ ಮಾತ್ರ ತೀರ್ಪುಗಾರರಲ್ಲಿ ಸಹಮತವಿಲ್ಲದ ಕಾರಣ ಮಾಪನ ವಿಶ್ವಾಸಾರ್ಹವಲ್ಲ ಎಂದು ಹಿಂತಿರುಗಿಸಿತು. ಪರಿಶೀಲಕರು ಹೇಳಿದ್ದು ನಿಯಮದ ಪ್ರಕಾರ ಸರಿ. ತೀರ್ಪುಗಾರರ ಸಂಖ್ಯೆ ಹೆಚ್ಚಿಸಿ, ಎರಡೂ ಬಳಗಗಳನ್ನು ಬೇರೆಯಾಗಿಟ್ಟು ಲೆಕ್ಕ ಹಾಕಿದ್ದರೆ ಒಳಗೊಳಗೆ ಸಹಮತವಿತ್ತೇ ಎಂಬುದು ತಿಳಿಯುತ್ತಿತ್ತು. ಅದಕ್ಕೆ ಬೇಕಾದ ಹಣವೂ ಸಮಯವೂ ಅತಿಥಿ ಉಪನ್ಯಾಸಕಿಯ ಬಳಿ ಇರಲಿಲ್ಲ. ಎಷ್ಟು ಲೇಖನ ಎಂದು ಎಣಿಸುವ ನೇಮಕಾತಿ ಪದ್ಧತಿಯೂ ಎಷ್ಟು ಉತ್ತರ ಎಂದು ಎಣಿಸುವ ಪರೀಕ್ಷೆಯೂ ಎಷ್ಟು ಹತ್ತಿರದ ನೆಂಟರು ಎಂಬುದು ಇಲ್ಲಿ ತಾನಾಗಿ ಹೊಳೆಯುವ ಮಾತು.

ಎರಡನೇ ವರ್ಷ ಶಾಲೆಯ ಬಣ್ಣದ ಕರಪತ್ರದಲ್ಲಿ ‘ಸೃಜನಶೀಲತಾ ಸೂಚ್ಯಂಕ’ ಎಂಬ ಸಾಲು ಕಾಣಿಸಿಕೊಂಡಿತು. ಶಿಕ್ಷಕರಿಗೆಂದು ಬರೆದ ಟಿಪ್ಪಣಿಗಳ ಕೊನೆಯಲ್ಲಿ ಅವರು ಉಪಪರೀಕ್ಷೆಗಳ ಅಂಕಗಳನ್ನೂ ಕೊಟ್ಟಿದ್ದರು. ಕಚೇರಿಯವರು ಅವನ್ನು ಕೂಡಿಸಿ, ನೂರಕ್ಕೆ ಇಳಿಸಿ, ಪಟ್ಟಿ ಮಾಡಿದ್ದರು. ಆ ಅಂಕಗಳನ್ನು ಅವರು ಕೊಡಲೇಬಾರದಿತ್ತು ಎಂಬುದು ನನ್ನ ಅಭಿಪ್ರಾಯ. ಕಾಗದದ ಮೇಲೆ ಸಂಖ್ಯೆಗಳಿದ್ದರೆ ಅವನ್ನು ಕೂಡಿಸುವವರು ಇದ್ದೇ ಇರುತ್ತಾರೆ, ಬಾಯಿಮಾತಿನ ಷರತ್ತು ಅವರನ್ನು ತಡೆಯುವುದಿಲ್ಲ. ಅಷ್ಟರಲ್ಲಿ ಪೋಷಕರ ಫೋನ್ ಕರೆಗಳೂ ಶುರುವಾಗಿದ್ದವು. ಒಬ್ಬ ತಂದೆ, “ಹಳೇ ಪ್ರಶ್ನೆಪತ್ರಿಕೆ ಏನಾದ್ರೂ ಸಿಗ್ತದಾ ಮೇಡಂ, ಮನೇಲಿ ಪ್ರಾಕ್ಟೀಸ್ ಮಾಡಿಸ್ತೀವಿ” ಎಂದು ವಿನಯದಿಂದಲೇ ಕೇಳಿದರು. ಅವರನ್ನು ದೂರುವಂತಿಲ್ಲ, ಸೀಟಿಗೆ ಪರೀಕ್ಷೆ ಎಂದಾದ ಮೇಲೆ ತಯಾರಿ ಮಾಡಿಸುವುದು ತಂದೆತಾಯಿಯ ಕೆಲಸವೇ. ಪಟ್ಟಿಯನ್ನು ಹಿಂಪಡೆಯಲು ಮನೋವಿಜ್ಞಾನಿ ಶಾಲೆಯನ್ನು ಬರಹದಲ್ಲಿ ಕೋರಿದರು. ಕರಪತ್ರ ಆಗಲೇ ಹಂಚಿಹೋಗಿದೆ ಎಂಬ ಉತ್ತರ ಬಂದ ಮೇಲೆ ಆ ವರ್ಷದ ಪರೀಕ್ಷೆಯನ್ನು ನಡೆಸದೆ ಹೊರಬಂದರು. ಶಾಲೆಯ ವಿಭಾಗ ಅವರಿಲ್ಲದೆಯೇ ನಡೆಯಿತು.

ಇದರಿಂದ ಅವರಿಗಾದ ನಷ್ಟ ಸಣ್ಣದಲ್ಲ. ಸಂಭಾವನೆ ನಿಂತಿತು, ಎರಡನೇ ವರ್ಷದ ದತ್ತಾಂಶ ಸಿಗದೆ ಪ್ರಬಂಧದ ಒಂದು ಅಧ್ಯಾಯವನ್ನೇ ಕೈಬಿಡಬೇಕಾಯಿತು, ಪದವಿ ತಡವಾಯಿತು. ಪ್ರಬಂಧದ ಶೀರ್ಷಿಕೆಯಿಂದ ‘ಮಾಪನ’ ಎಂಬ ಪದವನ್ನು ತೆಗೆದು, ಚಿತ್ತಾರಗಿತ್ತಿಯರು ಒಬ್ಬರ ಕೆಲಸವನ್ನು ಇನ್ನೊಬ್ಬರು ಹೇಗೆ ಬೆಲೆಗಟ್ಟುತ್ತಾರೆ ಎಂಬುದನ್ನೇ ವಿಷಯವಾಗಿಸಿಕೊಳ್ಳಲು ಮಾರ್ಗದರ್ಶಕರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಈಗ ಅವರು ಶಿಕ್ಷಕರ ತರಬೇತಿಯಲ್ಲಿ ಪಾಠ ಹೇಳುತ್ತಾರೆ. ಶಾಲೆಗಳಿಂದ ಕರೆ ಬಂದರೆ ಮೊದಲು ಒಂದು ಪುಟದ ಕರಾರು ಕಳಿಸುತ್ತಾರೆ: ಪ್ರವೇಶಕ್ಕೂ ಇದಕ್ಕೂ ಸಂಬಂಧವಿಲ್ಲ, ಯಾವ ಕಾಗದದಲ್ಲೂ ಅಂಕ ಬರೆಯುವುದಿಲ್ಲ, ತೀರ್ಪುಗಾರರಲ್ಲಿ ಊರಿನ ಕಸುಬುದಾರರು ಇರಬೇಕು, ಮಕ್ಕಳ ಚಿತ್ರಗಳು ಮಕ್ಕಳಿಗೇ ಮರಳಬೇಕು. ಕರಾರು ಓದಿದ ಮೇಲೆ ಹೆಚ್ಚಿನ ಶಾಲೆಗಳು ಮತ್ತೆ ಫೋನ್ ಮಾಡುವುದಿಲ್ಲ. ಸೊರಬ ತಾಲ್ಲೂಕಿನ ಒಂದು ಶಾಲೆ ಸಹಿ ಹಾಕಿ ಕಳಿಸಿದೆ, ಚಿತ್ತಾರಗಿತ್ತಿಯರಿಗೆ ದಿನದ ಕೂಲಿಯನ್ನು ಯಾರು ಕೊಡಬೇಕು ಎಂಬುದರ ಮೇಲೆ ಮಾತುಕತೆ ನಡೆಯುತ್ತಿದೆ.